ಮೂರನೇ ಮಹಡಿಯೇ ಇಲ್ಲ ಸಾರ್

ನಮ್ಮ ಭಾವ ಶ್ಯಾಮಣ್ಣನಿಗೆ ಹುಲಿ ಕಂಡರೆ ಹೆದರಿಕೆ ಇಲ್ಲ, ಯಾಕೆಂದರೆ ಬಾಗಲಗುಂಟೆಯಲ್ಲಿ ಹುಲಿ ಇಲ್ಲ. ಅವರಿಗೆ ಹೆದರಿಕೆ ಇರುವುದು ಕೊರಳಿಗೆ ಐಡಿ ಕಾರ್ಡು ನೇತುಹಾಕಿಕೊಂಡು ಬರುವ ಮನುಷ್ಯರನ್ನು ಕಂಡರೆ. ಅದರಲ್ಲೂ ಬಂದವರ ಕೈಯಲ್ಲಿ ಒಂದು ರಟ್ಟಿನ ಪ್ಯಾಡು, ಪ್ಯಾಡಿಗೊಂದು ಪೆನ್ನು ಇದ್ದರೆ ಮುಗಿಯಿತು. ಆ ದಿನ ಭಾವನ ಬಾಯಿಂದ ನಿಜ ಹೊರಡುವುದಿಲ್ಲ.

ಇದಕ್ಕೆ ಕಾರಣ ಅವರ ಕಟ್ಟಡ. ಅವರಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಭಾವ ಬಾಡಿಗೆ ಮನೆಗಳನ್ನು ಕಟ್ಟಿಸಿದರು. ಪರ್ಮಿಷನ್ ಸಿಕ್ಕಿದ್ದು ಎರಡು ಮಹಡಿಗೆ. ಮೇಸ್ತ್ರಿ ಬಂದು ಸಿಮೆಂಟು ಇನ್ನೂ ಉಳಿದಿದೆ ಅಂದ. ಉಳಿದ ಸಿಮೆಂಟನ್ನು ಏನು ಮಾಡುವುದು ಅಂತ ಭಾವ ಮೂರನೇ ಮಹಡಿಯನ್ನೂ ಎಬ್ಬಿಸಿಬಿಟ್ಟರು. ಅಲ್ಲಿ ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ ನಾಲ್ಕು ಸಂಸಾರ. ಕೆಳಗೆ ಮುಂದಿನ ಮನೆಯಲ್ಲಿ ಭಾವ ಮತ್ತು ನಮ್ಮಕ್ಕ ಪಿಳ್ಳಮ್ಮ. ಪಕ್ಕದ ರೂಮಿನಲ್ಲಿ ನಾನು, ಲಕ್ಷ್ಮಯ್ಯ. ನಾನು ಬಾಡಿಗೆ ಕೊಡುವುದಿಲ್ಲ. ಕೇಳಿದರೆ ಅಕ್ಕ ಅಳುತ್ತಾಳೆ ಅಂತ ಭಾವ ಕೇಳುವುದೂ ಇಲ್ಲ.

ಐಡಿ ಕಾರ್ಡಿನವರು ಗೇಟಿನ ಹತ್ತಿರ ಕಂಡರೆ ಏನು ಮಾಡಬೇಕು ಅಂತ ನಮ್ಮ ಮನೆಯಲ್ಲಿ ಒಂದು ಕ್ರಮ ಇತ್ತು. ಅಕ್ಕ ಸೌಟು ತೆಗೆದುಕೊಂಡು ಮೆಟ್ಟಿಲ ಕಂಬಿಗೆ ಮೂರು ಏಟು ಹಾಕುತ್ತಾಳೆ. ಕೂಡಲೇ ಮೂರನೇ ಮಹಡಿಯಲ್ಲಿ ಒಣಹಾಕಿದ ಬಟ್ಟೆ ಒಳಗೆ ಹೋಗುತ್ತದೆ, ಲೈಟು ಆರುತ್ತದೆ, ಫೋನುಗಳ ಬಾಯಿ ಮುಚ್ಚುತ್ತದೆ, ಮಕ್ಕಳ ಬಾಯಿಗೆ ಬಿಸ್ಕತ್ತು ಬೀಳುತ್ತದೆ. ಮಿಲಿಟರಿಯವರಿಗೂ ಇಷ್ಟು ಶಿಸ್ತು ಇರಲಿಕ್ಕಿಲ್ಲ. ಬಾಡಿಗೆಗೆ ಬಂದವರಿಗೆ ಭಾವ ಕೀಲಿ ಕೊಡುವ ಮೊದಲು ಇದನ್ನೇ ಕಲಿಸುತ್ತಿದ್ದರು.

ಆ ಮಹಡಿಯ ಎಡಗಡೆ ಮನೆಯಲ್ಲಿ ಇಳಕಲ್ ಕಡೆಯ ಚನಬಸಪ್ಪ ಇದ್ದ, ಎರಕದ ಕಾರ್ಖಾನೆಯಲ್ಲಿ ಕೆಲಸ. ಅವನ ಮಗಳು ದಾನೇಶ್ವರಿಗೆ ಇಪ್ಪತ್ತು ವರ್ಷ. ಭಾರ ಎತ್ತುವ ಸ್ಪರ್ಧೆಯಲ್ಲಿ ಹೋದ ವರ್ಷ ರಾಷ್ಟ್ರ ಮಟ್ಟದಲ್ಲಿ ಕಂಚು ತಂದ ಹುಡುಗಿ. ಇಷ್ಟು ದೊಡ್ಡ ಪದಕ ತಂದವರಿಗೆ ಸರ್ಕಾರದವರು ಒಂದು ಉಪದ್ರವ ಕಟ್ಟುತ್ತಾರಂತೆ. ದಿನಕ್ಕೆ ಒಂದು ಗಂಟೆ ಎಲ್ಲಿರುತ್ತೀನಿ ಅಂತ ಮೊದಲೇ ಫೋನಿನಲ್ಲಿ ಬರೆದಿಡಬೇಕು. ಆ ಗಂಟೆಯಲ್ಲಿ ಯಾವತ್ತಾದರೂ ಪರೀಕ್ಷೆಯವರು ಹೇಳದೆ ಕೇಳದೆ ಬಂದು ಉಚ್ಚೆ ಹಿಡಿದುಕೊಂಡು ಹೋಗುತ್ತಾರೆ, ಉದ್ದೀಪನ ಮದ್ದು ಏನಾದರೂ ತಿಂದಿದ್ದಾರಾ ಅಂತ ನೋಡೋದಕ್ಕೆ. ದಾನೇಶ್ವರಿ ಬರೆದಿದ್ದು ಬೆಳಿಗ್ಗೆ ಆರರಿಂದ ಏಳು, ಶ್ಯಾಮಣ್ಣನವರ ಕಟ್ಟಡ, ಮೂರನೇ ಮಹಡಿ. ಉಚ್ಚೆ ವಿಷಯ ಮನೆ ಮಾಲೀಕರ ಹತ್ತಿರ ಹೇಗೆ ಹೇಳುವುದು ಅಂತ ಆ ಹುಡುಗಿ ನಾಚಿಕೊಂಡು ಹೇಳಲಿಲ್ಲ. ಇದೆಲ್ಲ ನಮಗೆ ಗೊತ್ತಾಗಿದ್ದು ಆಮೇಲೆ. ನಿಮಗೆ ಮೊದಲೇ ಹೇಳಿಬಿಟ್ಟಿದ್ದೀನಿ, ನಮ್ಮಷ್ಟು ಪೆದ್ದರಾಗುವುದು ನಿಮಗೂ ಬೇಡ.

ಜನವರಿಯಲ್ಲಿ ಒಂದು ಬೆಳಿಗ್ಗೆ ಆರು ಗಂಟೆಗೆ ಗೇಟಿನ ಮುಂದೆ ಒಬ್ಬ ಗಂಡಸು, ಒಬ್ಬ ಹೆಂಗಸು ನಿಂತಿದ್ದರು. ಇಬ್ಬರ ಕೊರಳಲ್ಲೂ ಐಡಿ ಕಾರ್ಡು. ಕೈಯಲ್ಲಿ ನೀಲಿ ಬ್ಯಾಗು, ಪ್ಯಾಡು, ಪೆನ್ನು. ಒಳಗೆ ಸೌಟಿನ ಸದ್ದು ಆಗಿಹೋಯಿತು.

"ದಾನೇಶ್ವರಿ ಚನಬಸಪ್ಪ ಅನ್ನೋರು ಇಲ್ಲಿ ಮೂರನೇ ಮಹಡಿಲಿ ಇದಾರಲ್ವಾ ಸಾರ್?" ಅಂದ ಗಂಡಸು.

"ಮೂರನೇ ಮಹಡಿಯೇ ಇಲ್ಲ ಸಾರ್," ಅಂದರು ಭಾವ.

ಹೆಂಗಸು ತಲೆ ಎತ್ತಿ ನೋಡಿದಳು. "ಮೇಲೆ ಕಾಣ್ತಾ ಇದೆಯಲ್ಲ?"

"ಅದು ನೀರಿನ ಟ್ಯಾಂಕಿಗೆ ಅಂತ ಕಟ್ಸಿರೋದು ಮೇಡಂ."

"ಟ್ಯಾಂಕಿಗೆ ಕಿಟಕಿ ಇದೆ."

"ನೀರಿಗೆ ಗಾಳಿ ಆಡ್ಬೇಕಲ್ಲಮ್ಮ. ಇಲ್ದಿದ್ರೆ ವಾಸನೆ ಬತ್ತದೆ."

"ಕಿಟಕಿಗೆ ಪರದೆ ಹಾಕಿದೀರ."

"ಬಿಸಿಲು ಬಿದ್ರೆ ಪಾಚಿ ಕಟ್ಕಂತದೆ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿಯಮದ ಪ್ರಕಾರ ಒಂದು ಗಂಟೆ ಕಾಯಬೇಕಂತೆ, ಕಾದರು. ಭಾವ ಕುರ್ಚಿ ಹಾಕಿಸಿ ಟೀ ಕೊಡಿಸಿದರು. ಸುಳ್ಳು ಹೇಳುತ್ತಾರೆ ನಿಜ, ಆದರೆ ಬಂದವರನ್ನು ನಿಲ್ಲಿಸಿ ಕಳಿಸುವ ಜಾಯಮಾನ ಅವರದಲ್ಲ. ಏಳು ಗಂಟೆಗೆ ಆ ಹೆಂಗಸು ಪ್ಯಾಡು ಮುಂದೆ ಹಿಡಿದಳು. ಭಾವ ಓದದೆ ರುಜು ಹಾಕಿದರು. ಅಷ್ಟು ಹೊತ್ತೂ ದಾನೇಶ್ವರಿ ಮೇಲೆ ಲೈಟು ಆರಿಸಿಕೊಂಡು, ಫೋನು ಮುಚ್ಚಿಟ್ಟುಕೊಂಡು, ಪರೀಕ್ಷೆಯವರು ಇವತ್ತಾದರೂ ಬರುತ್ತಾರೇನೋ ಅಂತ ಕಾಯುತ್ತಾ ಕೂತಿದ್ದಳು.

ಏಪ್ರಿಲ್‌ನಲ್ಲಿ ಬೇರೆ ಇಬ್ಬರು ಬಂದರು. ಭಾವನಿಗೆ ಅಷ್ಟರಲ್ಲಿ ಕೈ ಪಳಗಿತ್ತು. "ದಾನೇಶ್ವರಿನಾ? ಇದ್ಲು. ಮದುವೆ ಆಗಿ ಅತ್ತಿಬೆಲೆಗೆ ಹೋದ್ಲು. ಗಂಡ ಟೆಂಪೋ ಮಡಗವ್ನೆ," ಅಂದುಬಿಟ್ಟರು. ಟೆಂಪೋ ಬೇಕಿರಲಿಲ್ಲ. ಆದರೆ ಒಂದು ಸಲ ಶುರುಮಾಡಿದರೆ ಭಾವ ಅರ್ಧಕ್ಕೆ ಬಿಡುವವರಲ್ಲ. ಅತ್ತೆ ಮನೆಯಲ್ಲಿ ಸ್ವಲ್ಪ ಕಷ್ಟವಂತೆ ಅಂತಲೂ ಸೇರಿಸಿ ರುಜು ಹಾಕಿದರು.

ಜೂನ್‌ನಲ್ಲಿ ಮೊದಲಿನ ಇಬ್ಬರೇ ಮತ್ತೆ ಬಂದರು. ಅದೇ ಹೆಸರು ಮೂರನೇ ಸಲ ಕೇಳಿ ಭಾವನಿಗೆ ರೇಗಿತು. "ನೋಡಿ ಸಾರ್, ದಾನೇಶ್ವರಿ ಅಂತ ಈ ಮನೇಲಿ ಇದ್ದಿದ್ದು ಒಂದೇ. ನಮ್ಮ ಎಮ್ಮೆ. ಮಾರಿ ಎರಡು ವರ್ಷ ಆಯ್ತು. ಬರ್ಕಳಿ."

ಬರೆದುಕೊಂಡರು. ಭಾವ ರುಜು ಹಾಕಿದರು. ಆ ದಿನ ತಿಂಡಿಗೆ ಎರಡು ಇಡ್ಲಿ ಹೆಚ್ಚಿಗೆ ತಿಂದರು.

ಆಮೇಲೆ ಹತ್ತು ದಿನಕ್ಕೆ ಒಂದು ಸಂಜೆ ದಾನೇಶ್ವರಿಯ ಕೋಚ್ ಈಶಪ್ಪ ಮನೆಗೆ ಬಂದ. ಹಿಂದೆ ಚನಬಸಪ್ಪ, ದಾನೇಶ್ವರಿ. ಹುಡುಗಿಯ ಕಣ್ಣು ಕೆಂಪಗಿತ್ತು. ಪರೀಕ್ಷೆಗೆ ಸಿಗಲಿಲ್ಲ ಅನ್ನುವ ಮೊದಲೆರಡು ಪತ್ರ ಅವಳ ಇ-ಮೇಲಿಗೆ ಬಂದಿದ್ದವಂತೆ. ಆ ಇ-ಮೇಲು ಮಾಡಿಕೊಟ್ಟವನು ಸೈಬರ್ ಸೆಂಟರಿನವನು. ಪಾಸ್‌ವರ್ಡು ಗೊತ್ತಿದ್ದದ್ದು ಅವನಿಗೆ ಮಾತ್ರ, ಅವನು ಅಂಗಡಿ ಮುಚ್ಚಿಕೊಂಡು ಹೋಗಿ ಆರು ತಿಂಗಳಾಗಿತ್ತು. ಮೂರನೆಯದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕೋಚ್ ವಿಳಾಸಕ್ಕೆ ಬಂದಿತ್ತು.

"ಹನ್ನೆರಡು ತಿಂಗಳಲ್ಲಿ ಮೂರು ಸಲ ಪರೀಕ್ಷೆಗೆ ಸಿಗಲಿಲ್ಲ ಅಂದ್ರೆ ಮದ್ದು ತಿಂದಷ್ಟೇ ತಪ್ಪು ಶ್ಯಾಮಣ್ಣ," ಅಂದ ಈಶಪ್ಪ. "ಎರಡು ವರ್ಷ ಆಟದಿಂದ ಹೊರಗೆ ಹಾಕ್ತಾರೆ. ರೈಲ್ವೆಲಿ ಕೆಲಸ ಇನ್ನೇನು ಆಗೋದ್ರಲ್ಲಿತ್ತು. ಅದೂ ಹೋಯ್ತು."

"ಅವಳೇನು ತಿಂದಿಲ್ವಲ್ಲಪ್ಪ," ಅಂದರು ಭಾವ.

"ಪರೀಕ್ಷೆ ಕೊಟ್ಟಿದ್ರೆ ತಾನೆ ತಿಂದಿಲ್ಲ ಅಂತ ಗೊತ್ತಾಗೋದು?"

"ಅಂಗಾದ್ರೆ ಪರೀಕ್ಷೆಯವರು ಬಂದಾಗ ಅವಳು ಎಲ್ಲಿಗೆ ಹೋಗಿದ್ಲು? ಬುದ್ಧಿ ಬೇಡ್ವಾ?"

ಈಶಪ್ಪ ಪತ್ರದ ಜೊತೆ ಬಂದಿದ್ದ ಮೂರು ಹಾಳೆ ತೆಗೆದು ಜೋರಾಗಿ ಓದಿದ. ಕಟ್ಟಡದ ಮಾಲೀಕರ ಲಿಖಿತ ಹೇಳಿಕೆ, ಒಂದು: ಮೂರನೇ ಮಹಡಿ ಇಲ್ಲ, ಕಾಣುವುದು ನೀರಿನ ಟ್ಯಾಂಕು. ಎರಡು: ಸದರಿ ಯುವತಿ ವಿವಾಹವಾಗಿ ಅತ್ತಿಬೆಲೆಯಲ್ಲಿದ್ದಾರೆ, ಪತಿ ಟೆಂಪೋ ಮಾಲೀಕರು, ಅತ್ತೆ ಮನೆಯಲ್ಲಿ ಕಷ್ಟ. ಮೂರು: ದಾನೇಶ್ವರಿ ಎಂಬುದು ಎಮ್ಮೆ.

ಭಾವನ ಮುಖ ನೋಡಲು ನನಗೇ ಆಗಲಿಲ್ಲ. ಚನಬಸಪ್ಪ ನೆಲ ನೋಡುತ್ತಾ ನಿಂತಿದ್ದ.

"ದೊಡ್ಡಪ್ಪಾರ," ಅಂದಳು ದಾನೇಶ್ವರಿ. ಬಾಡಿಗೆಯವರೆಲ್ಲ ಭಾವನನ್ನು ಹಾಗೇ ಕರೆಯಬೇಕು ಅಂತ ಕಟ್ಟಪ್ಪಣೆ, ಯಾರಾದರೂ ಕೇಳಿದರೆ ಸಂಬಂಧಿಕರು ಅನ್ನಿಸಿಕೊಳ್ಳಲಿ ಅಂತ. "ನಾ ದಿನಾ ಆರಕ್ಕ ಎದ್ದು ಬಸ್ಕಿ ಹೊಡಕೊಂತ ಅವರ ದಾರಿ ಕಾಯ್ತಿದ್ನಿರಿ. ನೀವು ಲೈಟ್ ಆರಸ್ರಿ ಅಂದ್ರಿ, ಆರಿಸಿದೆ. ಸುಮ್ನ ಕುಂಡ್ರ ಅಂದ್ರಿ, ಕುಂತೆ. ಊರಾಗ ಈಗ ಎಲ್ಲಾರೂ ಚನಬಸಪ್ಪನ ಮಗಳು ಔಷಧ ತಿಂದು ಪದಕ ತಂದಾಳಂತಾರ್ರಿ. ನಾ ಜಡ್ಡು ಬಂದ್ರೂ ಗುಳಿಗಿ ನುಂಗಾಂಗಿಲ್ಲ." ಅಷ್ಟು ಹೇಳಿ ಅತ್ತುಬಿಟ್ಟಳು. ನೂರು ಕೆಜಿ ಎತ್ತುವ ಹುಡುಗಿ ಹಾಗೆ ಅತ್ತದ್ದು ನಾನು ನೋಡಿರಲಿಲ್ಲ. ನಮ್ಮಕ್ಕನೂ ಅತ್ತಳು, ಅವಳದು ಬಿಡಿ, ಅದಕ್ಕೆ ಕಾರಣ ಬೇಕಿಲ್ಲ.

ಭಾವ ಆಗಿಂದಾಗಲೇ ಪತ್ರದಲ್ಲಿದ್ದ ನಂಬರಿಗೆ ಫೋನು ಹಚ್ಚಿಸಿದರು. ಎತ್ತಿದ್ದು ಆ ನೀಲಿ ಬ್ಯಾಗಿನ ಹೆಂಗಸು. ಈಶಪ್ಪ ಸ್ಪೀಕರ್ ಹಾಕಿದ.

"ಮೇಡಂ, ನಾನು ಶ್ಯಾಮಣ್ಣ. ನಾನು ಹೇಳಿದ್ದೆಲ್ಲಾ ಸುಳ್ಳು."

"ಯಾವುದು ಸಾರ್? ಟ್ಯಾಂಕಾ, ಅತ್ತಿಬೆಲೆನಾ, ಎಮ್ಮೆನಾ?"

"ಮೂರೂನೂವೆ. ಹುಡುಗಿ ಇಲ್ಲೇ ಅವಳೆ. ಈಗ ಹೇಳ್ತಿರೋದು ನಿಜ."

"ಮೂರು ಸಲ ಸುಳ್ಳು ಬರ್ಕೊಟ್ಟೋರು ನಾಲ್ಕನೇ ಸಲ ನಿಜ ಹೇಳ್ತಿದೀನಿ ಅಂದ್ರೆ ನಾನು ಫೈಲಲ್ಲಿ ಏನಂತ ಬರೀಲಿ? ನಿಮ್ಮ ಮಾತು ಬೇಡ ಸಾರ್. ಆ ಮಹಡಿ ಇದೆ, ಆ ಹುಡುಗಿ ಈ ವರ್ಷವೆಲ್ಲ ಅಲ್ಲೇ ಇದ್ಲು ಅಂತ ಸರ್ಕಾರದ ಮೊಹರು ಇರೋ ಕಾಗದ ಇದ್ರೆ ಕಳ್ಸಿ. ಹದಿನೈದು ದಿನ ಟೈಮ್ ಇದೆ."

ಕಾಗದ ಹುಡುಕಲು ಕೂತೆವು. ಬಾಡಿಗೆ ಕರಾರು ಇದೆಯಾ ಅಂತ ಈಶಪ್ಪ ಕೇಳಿದ. ಭಾವ ಯಾರಿಗೂ ಮಾಡಿಕೊಟ್ಟಿರಲಿಲ್ಲ. ಕರೆಂಟ್ ಬಿಲ್ಲು ಎರಡನೇ ಮಹಡಿ ಮೀಟರಿನದು. ಆಧಾರ್ ಇಳಕಲ್ ವಿಳಾಸದ್ದು, ಇಲ್ಲಿಗೆ ಬದಲಾಯಿಸಲು ಭಾವನೇ ಬಿಟ್ಟಿರಲಿಲ್ಲ. ಗ್ಯಾಸು ನಮ್ಮಕ್ಕನ ಹೆಸರಿನಲ್ಲಿ. ನಾಲ್ಕು ವರ್ಷ ತಲೆ ಖರ್ಚು ಮಾಡಿ ಭಾವ ಎಂಥ ಏರ್ಪಾಟು ಮಾಡಿದ್ದರೆಂದರೆ, ಆ ಮಹಡಿ ಭೂಮಿಯ ಮೇಲೆ ಇದೆ ಅಂತ ಹೇಳುವ ಒಂದು ಚೂರು ಕಾಗದ ಇಡೀ ಕರ್ನಾಟಕದಲ್ಲಿ ಇರಲಿಲ್ಲ.

"ಒಂದೇ ದಾರಿ," ಅಂದೆ ನಾನು, ಬಾಯಿ ಸುಮ್ಮನಿರದೆ. "ಅಕ್ರಮ ಕಟ್ಟಡ ಅಂತ ನೋಟಿಸ್ ಕೊಡ್ತಾರಲ್ಲ, ಅದರಲ್ಲಿ ಎಷ್ಟು ಮಹಡಿ, ಯಾರ್ಯಾರು ಇದಾರೆ ಎಲ್ಲಾ ಇರುತ್ತೆ. ಮೊಹರೂ ಇರುತ್ತೆ."

"ನೀನು ಬಾಯಿ ಮುಚ್ಕೊಂಡು ಎದ್ದು ಹೋಗು," ಅಂದಳು ಅಕ್ಕ. ಆ ರಾತ್ರಿ ಭಾವನ ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಉಳಿಯಿತು. ಬೆಳಿಗ್ಗೆ ಬಿಳಿ ಷರಟು ಹಾಕಿಕೊಂಡು ನನ್ನ ರೂಮಿನ ಬಾಗಿಲು ತಟ್ಟಿದರು. "ಏಳೋ ಲಕ್ಷ್ಮಯ್ಯ, ನೋಟಿಸ್ ತರಾಣ ನಡಿ."

ಪಾಲಿಕೆ ಆಫೀಸಿನಲ್ಲಿ ನಮ್ಮ ಕಡೆಯ ಕಟ್ಟಡಗಳನ್ನು ನೋಡಿಕೊಳ್ಳುವ ಇಂಜಿನಿಯರ್ ವಸಂತ್ ಅಂತ. ನಾಲ್ಕು ವರ್ಷದ ಹಿಂದೆ ಒಂದು ಸಲ ನಮ್ಮ ಮನೆಗೆ ತಪಾಸಣೆಗೆ ಬಂದಿದ್ದ. ಅವತ್ತು ಅಕ್ಕ ನಾಟಿಕೋಳಿ ಸಾರು ಮಾಡಿದ್ದಳು. ಊಟ ಆದಮೇಲೆ ಅವನಿಗೆ ಮೆಟ್ಟಿಲು ಹತ್ತಲು ಆಗಲಿಲ್ಲ.

"ಸಾರ್, ನಮ್ಮ ಮನೆ ಮೂರನೇ ಮಹಡಿ ಅಕ್ರಮ. ದಯವಿಟ್ಟು ನೋಟಿಸ್ ಕೊಡಿ," ಅಂದರು ಭಾವ.

ವಸಂತ್ ಎದ್ದು ಹೋಗಿ ಬಾಗಿಲ ಆಚೆ ನೋಡಿ ಬಂದ. ಯಾರಾದರೂ ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದಾರಾ ಅಂತ ಅನುಮಾನ. "ಯಾರು ಕಳ್ಸಿದ್ದು ನಿಮ್ಮನ್ನ?"

"ಯಾರೂ ಇಲ್ಲ ಸಾರ್. ನಾನೇ ಬಂದಿವ್ನಿ."

ಅವನು ಫೈಲು ತರಿಸಿ ತಿರುವಿಹಾಕಿದ. "ನಿಮ್ಮ ಮನೆಗೆ ಮೂರನೇ ಮಹಡಿಯೇ ಇಲ್ಲ. ನೋಡಿ, ಎರಡೇ ಮಹಡಿ, ಉಲ್ಲಂಘನೆ ಇಲ್ಲ, ಅಂತ ಬರೆದಿದೆ."

"ಅದು ನೀವೇ ಬರೆದಿದ್ದು ಸಾರ್."

"ಅದಕ್ಕೇ ಇಲ್ಲ ಅಂತಿರೋದು."

"ಒಂದು ಸಲ ಬಂದು ನೋಡಿ ಸಾರ್."

"ನೋಡಿದ್ರೆ ಬರೀಬೇಕಾಗುತ್ತೆ. ಬರೆದ್ರೆ ಆವತ್ತು ಯಾಕೆ ಬರೀಲಿಲ್ಲ ಅಂತ ನನಗೆ ನೋಟಿಸ್ ಬರುತ್ತೆ. ಮೇಲೆ ಏನೋ ಇದ್ರೆ ಅದು ನೀರಿನ ಟ್ಯಾಂಕು ಇರ್ಬೇಕು ಶ್ಯಾಮಣ್ಣ."

"ಟ್ಯಾಂಕಿಗೆ ಕಿಟಕಿ ಇದೆ ಸಾರ್," ಅಂದರು ಭಾವ, ದೈನ್ಯವಾಗಿ.

"ನೀರಿಗೆ ಗಾಳಿ ಆಡ್ಬೇಡ್ವಾ?"

ಭಾವ ನನ್ನ ಕಡೆ ತಿರುಗಿ ನೋಡಿದರು. ಆ ಮುಖ ನಾನು ಸಾಯುವವರೆಗೂ ಮರೆಯುವುದಿಲ್ಲ. ಮೂರು ದಿನ ಬೆನ್ನು ಬಿಡದೆ ಆಫೀಸಿಗೆ ಅಲೆದೆವು. ನಾಲ್ಕನೇ ದಿನ ವಸಂತ್ ನಮ್ಮನ್ನು ಕಂಡು ಹಿಂದಿನ ಬಾಗಿಲಿಂದ ಹೋಗಿಬಿಟ್ಟ. ಐಡಿ ಕಾರ್ಡಿನವನೊಬ್ಬ ಭಾವನನ್ನು ಕಂಡು ಓಡುವುದನ್ನು ನಾನು ನೋಡಿದ್ದು ಅದೇ ಮೊದಲು.

ವಾಪಸು ಬರುವಾಗ ಗೇಟಿನಲ್ಲಿ ಭಾವ ನಿಂತುಬಿಟ್ಟರು. ಅವರ ಕಣ್ಣು ಪಕ್ಕದ ಹಂಚಿನ ಮನೆಯ ಮೇಲಿತ್ತು. ಅದು ಮಾರಕ್ಕನ ಮನೆ. ಮೂರನೇ ಮಹಡಿ ಎದ್ದ ಮೇಲೆ ಮಾರಕ್ಕನ ಅಂಗಳಕ್ಕೆ ಬಿಸಿಲು ಬೀಳುವುದಿಲ್ಲ, ಸಂಡಿಗೆ ಒಣಗುವುದಿಲ್ಲ. ಆ ಸಿಟ್ಟಿಗೆ ಎರಡು ಮನೆಗೂ ಮಾತಿಲ್ಲ. ತಿಂಗಳು ತಿಂಗಳು ಆ ಮುದುಕಿ ಆಫೀಸಿಗೆ ಹೋಗಿ ಭಾವನ ಮೇಲೆ ದೂರು ಕೊಟ್ಟು ಬರುತ್ತಿದ್ದಳು, ಆಫೀಸಿನವರು ಮೊಹರು ಒತ್ತಿ ಒಂದು ಪ್ರತಿ ಅವಳಿಗೆ ಕೊಟ್ಟು ಕಳಿಸುತ್ತಿದ್ದರು. ಅದರಿಂದ ಏನೂ ಆಗುತ್ತಿರಲಿಲ್ಲ.

ಭಾವ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರು. ನಾನೂ ಹೋದೆ.

"ಏನ್ಲಾ ಶ್ಯಾಮ, ದಾರಿ ತಪ್ಪಿ ಬಂದಾ?" ಅಂದಳು ಮಾರಕ್ಕ.

"ನನ್ ಮ್ಯಾಲೆ ಕೊಟ್ಟಿರೋ ದೂರಿನ ಪ್ರತಿ ಇದ್ರೆ ಕೊಡು ಮಾರಕ್ಕ."

"ಯಾಕೆ, ಅರ್ದಾಕಕ್ಕಾ?"

ಭಾವ ಎಲ್ಲವನ್ನೂ ಹೇಳಿದರು, ಎಮ್ಮೆಯನ್ನೂ ಬಿಡದೆ. ಮಾರಕ್ಕ ಪೂರ್ತಿ ಕೇಳಿ ಟ್ರಂಕು ತೆಗೆದು ಒಂದು ಗಂಟು ಕಾಗದ ಹೊರಗೆ ಹಾಕಿದಳು. ಒಂದೊಂದರ ಮೇಲೂ ನೀಲಿ ಮೊಹರು, ತಾರೀಖು. ಜನವರಿಯದು ಇತ್ತು, ಏಪ್ರಿಲ್‌ನದು 'ಇನ್ನೂ ಕ್ರಮ ಇಲ್ಲ' ಅಂತ ಶುರುವಾಗಿತ್ತು, ಜೂನ್‌ನದು ಎರಡು ಪುಟ. ನಾನು ಒಂದನ್ನು ಓದಿದೆ. 'ಸದರಿ ಅಕ್ರಮ ಮೂರನೇ ಮಹಡಿಯ ಎಡಗಡೆ ಮನೆಯಲ್ಲಿ ವಾಸವಾಗಿರುವ ಚನಬಸಪ್ಪನ ಮಗಳು ದಾನೇಶ್ವರಿ ಎಂಬಾಕೆ ದಿನಂಪ್ರತಿ ಬೆಳಿಗ್ಗೆ ಆರರಿಂದ ಏಳರವರೆಗೆ ಧಡಧಡನೆ ಬಸ್ಕಿ ಹೊಡೆಯುವುದರಿಂದ ನನ್ನ ಗೋಡೆಯ ದೇವರ ಪಟ ಅಲುಗಾಡುತ್ತದೆ.' ಹೆಸರು, ಮನೆ, ಗಂಟೆ, ಯಾವುದೂ ಬಿಟ್ಟಿರಲಿಲ್ಲ. ನನಗೆ ಆ ಮುದುಕಿಯ ಕಾಲಿಗೆ ಬೀಳಬೇಕು ಅನ್ನಿಸಿತು.

"ಕೊಡ್ತೀನಿ," ಅಂದಳು ಮಾರಕ್ಕ. "ಆದ್ರೆ ಇದು ಅವರ ಕೈ ಸೇರಿದ್ರೆ ನಿನ್ ಮಹಡಿ ಇದೆ ಅಂತ ಊರಿಗೆಲ್ಲ ಗೊತ್ತಾಯ್ತದೆ. ಎಂಗೂ ಉಳಿಯಾಕಿಲ್ಲ. ನೀನೇ ಇಳಿಸ್ತೀನಿ ಅಂತ ಬರ್ಕೊಡು. ನಂಗೆ ನನ್ ಬಿಸಿಲು ಬೇಕು."

ಭಾವ ಬಾಗಿಲಿಗೆ ಬಂದು ತಮ್ಮ ಮಹಡಿಯ ಕಡೆ ನೋಡಿದರು. ಎಡಗಡೆ ಕಿಟಕಿಯಲ್ಲಿ ದಾನೇಶ್ವರಿ ನಿಂತು ನಮ್ಮನ್ನೇ ನೋಡುತ್ತಿದ್ದಳು. ಆ ಮಹಡಿಯ ಒಂದೊಂದು ಇಟ್ಟಿಗೆಗೂ ಭಾವ ನೀರು ಹಾಕಿ ನೆನೆಸಿದ್ದು ನಾನು ಕಂಡಿದ್ದೆ. "ಹುಡುಗಿ ಬದುಕು ಉಳೀಲಿ. ಪೆನ್ ಕೊಡು, ರುಜು ಹಾಕ್ತೀನಿ," ಅಂದರು.

"ನಿನ್ ರುಜು ಯಾರಿಗೆ ಬೇಕು? ಪಿಳ್ಳಮ್ಮನ್ ಕರಿ, ಅವಳು ಹಾಕ್ಲಿ."

ಅಕ್ಕ ಬಂದಳು. ನಾಲ್ಕು ವರ್ಷ ಮಾತು ಬಿಟ್ಟವರ ಮನೆಯ ಜಗಲಿಯಲ್ಲಿ ಕೂತು, ಗಂಡನನ್ನು ಒಂದು ಸಲ, ನನ್ನನ್ನು ಎರಡು ಸಲ ಬೈದು, ರುಜು ಹಾಕಿದಳು.

ಮೂವತ್ತೊಂಬತ್ತು ದೂರುಗಳನ್ನೂ ಕಟ್ಟಿ ಈಶಪ್ಪ ಕಳಿಸಿದ. ಮೂರು ವಾರ ಯಾರಿಗೂ ಅನ್ನ ಸೇರಲಿಲ್ಲ. ಕೊನೆಗೆ ಉತ್ತರ ಬಂತು: ಕ್ರೀಡಾಪಟು ಹೇಳಿದ ಹೊತ್ತಿನಲ್ಲಿ ಹೇಳಿದ ಜಾಗದಲ್ಲೇ ಇದ್ದದ್ದು ನೆರೆಮನೆಯವರ ನಿರಂತರ ದೂರುಗಳಿಂದ ಸಾಬೀತಾಗಿದೆ, ಅವರ ತಪ್ಪಿಲ್ಲ, ಮೂರೂ ದಾಖಲೆ ರದ್ದು. ದಾನೇಶ್ವರಿ ಓಡಿಹೋಗಿ ಮಾರಕ್ಕನನ್ನು ಅಪ್ಪಿಕೊಂಡಳು. "ಮೆಲ್ಲಗೆ ಮಗಾ, ಮೂಳೆ ಮುರಿದಾತು," ಅಂದಳು ಮಾರಕ್ಕ, ಮುಖ ಅರಳಿಸಿಕೊಂಡು.

ಮಹಡಿ ಇಳಿಸುವುದು ಅಂತ ಆಯಿತು. ಮೂರು ಸಂಸಾರಕ್ಕೆ ಅದೇ ಬೀದಿಯಲ್ಲಿ ಮನೆ ಸಿಕ್ಕಿತು. ಚನಬಸಪ್ಪನವರಿಗೆ ಎಲ್ಲಿ ಅಂತ ನಾನು ಮೂರ್ಖನ ಹಾಗೆ ಭಾವನನ್ನು ಕೇಳಿದೆ. ಭಾವ ನನ್ನ ರೂಮಿನ ಕಡೆ ನೋಡಿದರು. ಗೇಟಿಗೆ ಹತ್ತಿರ, ಪರೀಕ್ಷೆಯವರು ಬಂದರೆ ಬಾಗಿಲು ತಟ್ಟಿದ್ದು ಕೇಳುತ್ತದೆ, ಅಂದರು. ನಾನು ಅಕ್ಕನ ಮುಖ ನೋಡಿದೆ. ಈ ಸಲ ಅವಳು ಅಳಲಿಲ್ಲ. ತಪ್ಪು ಮಾಡಿದ್ದು ಅವರು, ಬೀದಿಗೆ ಬಿದ್ದದ್ದು ನಾನು. ಬೀದಿಗೆ ಅಂದರೆ ನಡುಮನೆಯ ದಿವಾನಕ್ಕೆ, ಆದರೂ ಅದೇ ಲೆಕ್ಕ.

ಭಾನುವಾರ ಸಾಮಾನು ಸಾಗಿಸುವುದಿತ್ತು. ನನ್ನದೊಂದು ಕಬ್ಬಿಣದ ಬೀರು ಇದೆ. ಅದನ್ನು ಒಳಗೆ ಇಡುವಾಗ ನಾಲ್ಕು ಜನ ಬೇಕಾಗಿದ್ದರು, ಒಬ್ಬನಿಗೆ ಸೊಂಟ ಹಿಡಿದಿತ್ತು. ನಾನು ಆಳುಗಳನ್ನು ಕರೆಯಲು ಚಪ್ಪಲಿ ಮೆಟ್ಟುತ್ತಿದ್ದೆ. ಅಷ್ಟರಲ್ಲಿ ದಾನೇಶ್ವರಿ ಬಂದಳು. "ಸ್ವಲ್ಪ ಸರೀರಿ ಮಾಮಾರ," ಅಂದು ದಾವಣಿ ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಬೀರುವನ್ನು ಬಟ್ಟೆಬರೆ ಸಮೇತ ಬೆನ್ನಿಗೆ ಒರಗಿಸಿಕೊಂಡು ಎತ್ತಿ, ನಡುಮನೆಯ ಮೂಲೆಗೆ ಇಟ್ಟು, ಕೈ ಒರೆಸಿಕೊಂಡು ಹೋದಳು.

ಬೀದಿಯವರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಯಾರೋ ಹಿಂದಿನಿಂದ ಏನು ತಿಂತಾಳಪ್ಪ ಈ ಹುಡುಗಿ ಅಂದರು. ಭಾವ ತಿರುಗಿ ನಿಂತರು. ಹೆಮ್ಮೆಯಿಂದ ಅವರ ಕಣ್ಣಲ್ಲಿ ನೀರಾಡುತ್ತಿತ್ತು.

"ರಾಗಿಮುದ್ದೆ, ಜೋಳದ ರೊಟ್ಟಿ, ಅಷ್ಟೇ ಕಣ್ರಪ್ಪ. ಒಂದು ಗುಳಿಗೆ ನುಂಗಿಲ್ಲ. ಬೇಕಾದ್ರೆ ನಾನೇ ಬರ್ಕೊಡ್ತೀನಿ," ಅಂದು ಜೇಬಿನಿಂದ ಪೆನ್ನು ತೆಗೆದರು.

ನಾನು, ಅಕ್ಕ, ಈಶಪ್ಪ, ಚನಬಸಪ್ಪ, ಮಾರಕ್ಕ, ಐದು ಜನವೂ ಒಟ್ಟಿಗೆ ಹೋಗಿ ಅವರ ಕೈ ಹಿಡಿದುಕೊಂಡೆವು.